ತೊಂಬತ್ತಕ್ಕೆ ನಿಂತ ಪಟ್ಟಿ

ಮೊಮ್ಮಕ್ಕಳೇ, ಹೋದ ಸಲ ಬಂದಾಗ ನಿಮ್ಮಲ್ಲಿ ದೊಡ್ಡವಳು ತನ್ನ ಅವ್ವನ ಸೀರೆಯೊಂದನ್ನು ನನ್ನ ಮುಂದೆ ಹರವಿ ಸೆರಗಿನ ಮೇಲೆ ಬೆರಳಿಟ್ಟಳು. ಕೆಂಪು ಸೆರಗು. ಅದರಲ್ಲಿ ಬಿಳಿ ಜೋಳದ ತೆನೆಗಳ ಸಾಲು. ಪ್ರತಿ ದಂಟೂ ಬುಡದಲ್ಲಿ ಗಾಳಿಗೆ ಬಾಗಿದ ಹಾಗೆ ಎಡಕ್ಕೆ ವಾಲಿದೆ. ಒಂದು ಬೆರಳಿನಷ್ಟು ಮೇಲೆ ಹೋಗುವುದರೊಳಗೆ ಗಾಳಿ ನಿಂತುಹೋದಂತೆ ದಂಟು ನೆಟ್ಟಗಾಗಿ, ಅದರ ಮೇಲಿನ ತೆನೆ ಕೋಲಿನ ಹಾಗೆ ಸೆಟೆದುಕೊಂಡಿದೆ. "ಆಯೀ, ಇದು ಹಿಂಗ್ಯಾಕ?" ಎಂದು ಕೇಳಿದಳು. ಅದು ಇರೋದೇ ಹಾಗೆ ಎಂದು ಹೇಳಿ ಒಳಗೆ ಹೋಗಿಬಿಟ್ಟೆ.

ಆ ಉತ್ತರ ಸುಳ್ಳು. ಆ ಸೆರಗಿನ ವಿಷಯದಲ್ಲಿ ನಾನು ಹೇಳಿದ ಮೊದಲನೆಯ ಸುಳ್ಳೂ ಅದಲ್ಲ. ಬಾಯಲ್ಲಿ ಹೇಳಲು ನನಗೆ ಈಗಲೂ ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಗುಡೂರಿನ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಇಳಕಲ್ಲಿಗೆ ಬಂದೆ. ಅತ್ತೆಯ ಮನೆಯಲ್ಲಿ ಎರಡು ಕುಣಿ ಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವುದನ್ನು ನನಗೆ ಕಲಿಸಿದವರು ಮಾವ. ನಮ್ಮ ಕಡೆಯ ಸೀರೆ ನೇಯುವುದು ಎರಡು ಕೆಲಸ ಮಾಡಿದ ಹಾಗೆ. ಮೈ ಒಂದು ಕೆಲಸ, ಸೆರಗು ಇನ್ನೊಂದು. ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳೇ ಹಾಸು. ಮೈಯ ನೂಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಮೈ ನೇಯುವಾಗ ಒಂದೇ ಲಾಳಿ ಅತ್ತಿಂದಿತ್ತ ಓಡುತ್ತದೆ, ಕೈಗೆ ಹಾಡಿನ ಓಟ ಬರುತ್ತದೆ. ಸೆರಗಿಗೆ ಮುಟ್ಟಿದ ಕೂಡಲೇ ಮೂರು ಲಾಳಿ, ಇಬ್ಬರು ಮಂದಿ, ಗೇಣು ಮುಂದೆ ಹೋಗಲು ದಿನ ಹಿಡಿಯುತ್ತದೆ. ಮೈ ಎಷ್ಟು ಮೊಳ, ಸೆರಗು ಎಷ್ಟು ಮೊಳ ಎಂದು ಅಳೆದು ಹೊತ್ತಿನ ಲೆಕ್ಕ ಹಿಡಿದವನು ಕೆಡುತ್ತಾನೆ. ಈ ಮಾತು ನೆನಪಿಟ್ಟುಕೊಳ್ಳಿರಿ. ನಾನು ಇದನ್ನು ಚೆನ್ನಾಗಿ ತಿಳಿದವಳಾಗಿದ್ದೆ, ಬೇಕಾದ ಹೊತ್ತಿಗೆ ಮಾತ್ರ ಹೇಳಲಿಲ್ಲ.

ಮಾವ ಕಡಿಮೆ ಮಾತಿನವರು. ಮಗ್ಗದಲ್ಲಿ ಕುಳಿತಾಗ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು: "ಎಲ್ಲಿಗೆ ಬಂತವ್ವ?" ಆ ಮಗ್ಗದಲ್ಲಿ ನೇಯುವವರು ಇಷ್ಟು ಮೊಳವಾಯಿತೆಂದೋ, ಸೆರಗಿಗೆ ಬಂತೆಂದೋ ಈ ಮಗ್ಗದವರಿಗೆ ಹೇಳಬೇಕು. ಅದು ನಮ್ಮ ಮನೆಯ ರೂಢಿ.

ಬಾಗಿದ ತೆನೆ ಅವರದೇ ಕಲ್ಪನೆ. ಬೇರೆಯವರ ಸೆರಗಿನಲ್ಲಿ ತೆನೆ ನೆಟ್ಟಗೆ ನಿಂತಿರುತ್ತದೆ. ಅತ್ತೆಯ ತವರು ಹುನಗುಂದದ ಕಡೆ, ಎರೆ ಹೊಲದ ಜೋಳದ ಮಂದಿ. ಹೊಲದ ತೆನೆ ಎಂದೂ ನೆಟ್ಟಗೆ ನಿಲ್ಲುವುದಿಲ್ಲ, ಗಾಳಿ ಬೀಸಿದ ಕಡೆ ಬಾಗುತ್ತದೆ ಎಂದು ಆಕೆ ಹೊಸದಾಗಿ ಬಂದಾಗ ನಕ್ಕಿದ್ದರಂತೆ. ಮಾವ ಏನೂ ಅನ್ನದೆ, ಯಾರಿಗೂ ತೋರಿಸದೆ, ಬಾಗಿದ ತೆನೆಯ ಸೆರಗೊಂದನ್ನು ಆಕೆಗಾಗಿ ನೇಯ್ದರು. ಅಂಥದ್ದು ಒಂದೇ ಒಂದು. ಆಕೆ ತೀರಿಕೊಂಡಾಗ ಅದನ್ನೇ ಉಡಿಸಿ ಮಣ್ಣು ಮಾಡಿದರು. ಆಮೇಲೆ ಆ ತೆನೆ ಮಾವನ ತಲೆಯಲ್ಲಿ ಮಾತ್ರ ಉಳಿಯಿತು. ತೆನೆಯ ಬುಡದಿಂದ ತುದಿಯವರೆಗೆ ಎಪ್ಪತ್ತೆರಡು ಸಾಲು. ಪ್ರತಿ ಸಾಲಿಗೂ ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂಬ ಎಣಿಕೆ. ಕಾಗದದ ಮೇಲೆ ಅವರು ಎಂದೂ ಬರೆದವರಲ್ಲ. ದಿನಾ ಮುಂಜಾನೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾ ಬರುವವರೆಗೆ ಕಟ್ಟೆಯ ಮೇಲೆ ಕುಳಿತು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ನಾಕ ಎತ್ತು, ಏಳ ಬಿಡು, ಒಂದ ಎತ್ತು, ಹನ್ನೊಂದ ಬಿಡು. ಎಪ್ಪತ್ತೆರಡೂ ಸಾಲು ಮುಗಿದ ಮೇಲೆಯೇ ಚಹಾದ ಬಟ್ಟಲಿಗೆ ಕೈ ಚಾಚುವುದು.

ನಮ್ಮ ಯಜಮಾನರು ಮಗ್ಗಕ್ಕೆ ಕುಳಿತವರಲ್ಲ. ಕಲಿತು, ಬಾಗಲಕೋಟೆಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ನಾವು ಅಲ್ಲಿಗೇ ಹೋಗಿ ಬಾಡಿಗೆಯ ಮನೆ ಹಿಡಿದೆವು. ಇಳಕಲ್ಲಿನಲ್ಲಿ ಒಬ್ಬರೇ ಉಳಿದಿದ್ದ ಮಾವನ ಕಣ್ಣು ಮಂಜಾಗತೊಡಗಿತು. ಕಣ್ಣೊಳಗಿನ ನರ ಸೊರಗಿದೆ, ಆಪರೇಶನ್ ಮಾಡಿ ಉಪಯೋಗವಿಲ್ಲ ಎಂದರು ದವಾಖಾನೆಯಲ್ಲಿ. ಎಂಬತ್ತರ ದಶಕ ಮುಗಿಯುತ್ತ ಬಂದ ಹೊತ್ತಿಗೆ ಅವರಿಗೆ ಬೆಳಕು ಕತ್ತಲೆಗಳಷ್ಟೇ ತಿಳಿಯುತ್ತಿದ್ದವು. ಅವರನ್ನು ನಮ್ಮಲ್ಲಿಗೇ ಕರೆತಂದೆವು, ಒಂದು ಮಗ್ಗವನ್ನು ಬಿಚ್ಚಿ ಲಾರಿಯಲ್ಲಿ ತಂದು ನಮ್ಮ ಹಿತ್ತಲ ಪಡಸಾಲೆಯಲ್ಲಿ ಕುಣಿ ತೋಡಿ ಹೂಡಿದೆವು. ಅವರು ನೇಯಲಾರರು. ಆದರೂ ದಿನಕ್ಕೊಮ್ಮೆ ಅದರ ಹತ್ತಿರ ಹೋಗಿ ಕೈಯಾಡಿಸಿ ಬರುತ್ತಿದ್ದರು.

ಅವರಿಗೆ ಉಳಿದ ಆಸೆ ಒಂದೇ. ಬಾಗಿದ ತೆನೆಯ ಸೆರಗು ಇನ್ನೊಮ್ಮೆ ಆಗಬೇಕು, ಅದನ್ನು ನಾನು ನೇಯಬೇಕು, ಮೊಮ್ಮಗಳು ಬೆಳೆದು ಮದುವೆಯಲ್ಲಿ ಉಡಬೇಕು. ಆ ಮೊಮ್ಮಗಳೇ ನಿಮ್ಮ ಅವ್ವ. ಆಗ ಅವಳಿಗೆ ಆರು ವರ್ಷ.

ಆ ವರ್ಷವೇ ಕಾಲೇಜಿಗೆ ಹೊಸ ಗಣಕಯಂತ್ರವೊಂದು ಬಂದಿತ್ತು. ಮೊದಲಿನವುಗಳ ಪರದೆಯ ಮೇಲೆ ಬರೀ ಅಕ್ಷರ ಮೂಡುತ್ತಿದ್ದವು. ಇದರಲ್ಲಿ ಚೌಕಟ್ಟುಗಳು ತೆರೆದುಕೊಳ್ಳುತ್ತಿದ್ದವು, ಚಿತ್ರ ಬರೆಯಲು ಬರುತ್ತಿತ್ತು, ಕೈಯಲ್ಲಿ ಹಿಡಿದು ಸರಿಸುವ ಮೌಸ್ ಇತ್ತು. ಅದನ್ನು ನಡೆಸುವ ಪ್ರೋಗ್ರಾಂ ಬರೆಯುವುದನ್ನು ಯಜಮಾನರು ದಪ್ಪನೆಯ ಒಂದು ಪುಸ್ತಕ ನೋಡಿ ತಾವೇ ಕಲಿತರು. ಅಪ್ಪನ ತೆನೆಯನ್ನು ಚೌಕಳಿ ಚೌಕಳಿಯಾಗಿ ಪರದೆಯ ಮೇಲೆ ತುಂಬಿಸಿ, ಪೂರ್ತಿ ಸೆರಗಿನ ಅಗಲಕ್ಕೆ ಯಾವ ಎಳೆ ಎತ್ತಬೇಕು, ಯಾವ ಲಾಳಿ ಓಡಬೇಕು ಎಂಬುದನ್ನೆಲ್ಲ ಯಂತ್ರವೇ ಲೆಕ್ಕ ಹಾಕಿ ಕೊಡುವಂತೆ ಮಾಡುತ್ತೇನೆ ಎಂದರು. ವಿಭಾಗದ ಹಿರಿಯರೊಬ್ಬರು, ಬಾದಾಮಿಯ ಕಡೆಯವರು, ರವಿವಾರ ಕೋಣೆಯ ಕೀಲಿ ಕೊಡಲು ಒಪ್ಪಿದರು.

ಗಣೇಶನ ಹಬ್ಬ ಮುಗಿದ ಮೇಲಿನ ಮೊದಲ ರವಿವಾರ ಮಾವನ ಕೈ ಹಿಡಿದುಕೊಂಡು ಹೋದೆ. ಬಾಗಿಲಲ್ಲಿ ಚಪ್ಪಲಿ ಕಳಚಿಡಬೇಕೆಂದು ಯಜಮಾನರು ಹೇಳಿದರು.

"ಗುಡಿಗೆ ಬಂದೀವೇನೋ? ಕಾಯಿ ತರೂದಿತ್ತಲ್ಲ ಹಂಗಾದ್ರ," ಎಂದರು ಮಾವ. ಯಂತ್ರಕ್ಕೆಂದು ಒಳಗೆ ಬಿಟ್ಟಿದ್ದ ತಣ್ಣನೆಯ ಗಾಳಿ ತಾಗಿದಾಗ ಧೋತರವನ್ನು ಕಾಲಿಗೆ ಸುತ್ತಿಕೊಂಡು, "ಈ ದೇವರಿಗೆ ಸೆಕಿ ಭಾಳ ಆಕ್ಕೈತಿ ಕಾಣ್ತೈತಿ," ಎಂದರು.

ಅವರು ಹೇಳಬೇಕು, ನಾನು ಮೌಸ್ ಸರಿಸಿ ಚೌಕಳಿ ತುಂಬಬೇಕು. ಎತ್ತು ಎಂದರೆ ಕಪ್ಪು, ಬಿಡು ಎಂದರೆ ಬಿಳಿ. ಆ ದಿನ ಆದದ್ದು ಹನ್ನೊಂದು ಸಾಲು. ಮುಗಿದ ಮೇಲೆ ಅದನ್ನು ಫ್ಲಾಪಿಯಲ್ಲಿ ಉಳಿಸಬೇಕು. ಫ್ಲಾಪಿ ಎಂದರೆ ಅಂಗೈಯಗಲದ ಒಂದು ಬಿಲ್ಲೆ. ಯಜಮಾನರು ಯಾವುದೋ ಗುಂಡಿ ಒತ್ತಿದರು. ಪರದೆ ಕಲ್ಲಿನ ಹಾಗೆ ನಿಂತುಬಿಟ್ಟಿತು. ಬಾಣದ ಗುರುತೂ ಅಲುಗಲಿಲ್ಲ.

"ಎಲ್ಲಿಗೆ ಬಂತವ್ವ?" ಎಂದು ಮಾವ ಕೇಳಿದರು. ಏನು ಹೇಳಲಿ? ಯಂತ್ರ ಕೆಟ್ಟಿತೇನೋ ಎಂದು ನನಗೇ ಹೆದರಿಕೆ. ಯಜಮಾನರು ನಕ್ಕರು. ಅದು ಒಳಗೆ ಕೆಲಸ ಮಾಡುತ್ತಿದೆ, ತಲೆ ತಗ್ಗಿಸಿ ಕೆಲಸಕ್ಕೆ ಬಿದ್ದರೆ ಅದಕ್ಕೆ ಯಾರ ಮಾತೂ ಕೇಳಿಸುವುದಿಲ್ಲ ಎಂದರು. ಮಾವ ನಗಲಿಲ್ಲ. ಎಲ್ಲಿಗೆ ಬಂತೆಂದು ಹೇಳಲಾರದ ಮಗ್ಗವನ್ನು ನಂಬುವುದು ಹೇಗೆ ಎಂದು ಮಗನನ್ನು ಕೇಳಿದರು.

ಆ ಮಾತು ಯಜಮಾನರಿಗೆ ನಾಟಿತು. ವಾರವೆಲ್ಲ ಕುಳಿತು ಒಂದು ಸಣ್ಣ ಚೌಕಟ್ಟು ಮಾಡಿದರು. ಕೆಲಸ ಸುರುವಾದ ಕೂಡಲೇ ಪರದೆಯ ನಡುವೆ ಅದು ತೆರೆದುಕೊಳ್ಳುತ್ತದೆ. ಅದರಲ್ಲಿ ಉದ್ದನೆಯ ಒಂದು ಖಾಲಿ ಪಟ್ಟಿ. ಕೆಲಸ ಆದಷ್ಟು ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತದೆ, ಪಕ್ಕದಲ್ಲಿ ನೂರಕ್ಕೆ ಎಷ್ಟಾಯಿತೆಂಬ ಅಂಕಿ. ಪ್ರತಿ ಸಾಲು ಮುಗಿದಾಗ ಒಮ್ಮೆ ತಲೆ ಎತ್ತು, ಪಟ್ಟಿಯನ್ನು ಇಷ್ಟು ಮುಂದೆ ತುಂಬು, ಯಾರಾದರೂ ಕರೆದರೋ ನೋಡು, ಮತ್ತೆ ಕೆಲಸಕ್ಕೆ ಹೋಗು. ಯಂತ್ರಕ್ಕೆ ಇದನ್ನೇ ಬರೆದಿದ್ದೇನೆ ಎಂದು ನನಗೆ ಬಿಡಿಸಿ ಹೇಳಿದರು. ಕರೆಯಲು ಕೆಳಗೆ ಒಂದು ಗುಂಡಿಯ ಚಿತ್ರವಿತ್ತು. ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆಂದು, ಚುಕ್ಕೆಗೆ ಚುಕ್ಕೆ ಕೂಡಿಸಿ, ಮೇಲೆ 'ಕೆಲಸ ನಡೆದಿದೆ' ಎಂದೂ ಗುಂಡಿಯ ಮೇಲೆ 'ನಿಲ್ಲಿಸು' ಎಂದೂ ಕನ್ನಡದಲ್ಲಿ ಬರೆದಿದ್ದರು. ಅವರು ನನಗಾಗಿ ಮಾಡಿದ ಕೆಲಸಗಳಲ್ಲಿ ಅದರಷ್ಟು ನಾನು ಹಿಗ್ಗಿದ್ದು ಇನ್ನೊಂದಿಲ್ಲ. ಹಿಗ್ಗಿದೆನೆಂದು ಹೇಳಲಿಲ್ಲ.

ನಿಲ್ಲಿಸು ಒತ್ತಿದರೆ ಏನಾಗುತ್ತದೆ ಎಂದು ಕೇಳಿದೆ. ಸದ್ಯಕ್ಕೆ ಎಲ್ಲವನ್ನೂ ಇದ್ದಲ್ಲಿಯೇ ಬಿಟ್ಟು ಹೊರಗೆ ಬಂದುಬಿಡುತ್ತದೆ, ಅದನ್ನು ಸರಿಯಾಗಿ ಬರೆಯುವುದು ಬಾಕಿ ಇದೆ, ಯಾರು ಒತ್ತುತ್ತಾರೆ ಬಿಡು ಎಂದರು.

ಎರಡನೆಯ ರವಿವಾರದಿಂದ ಮಾವ ಕೇಳಿದಾಗಲೆಲ್ಲ ನನ್ನ ಬಾಯಲ್ಲಿ ಉತ್ತರವಿತ್ತು. "ನಲವತ್ತಕ್ಕ ಬಂದೈತ್ರಿ ಮಾವಾರ." "ಎಪ್ಪತ್ತಾತ್ರಿ." ಅವರು ತಲೆದೂಗುತ್ತಿದ್ದರು. ಪಟ್ಟಿ ಸರಸರನೆ ನೂರಕ್ಕೆ ಹೋಗಿ ಚೌಕಟ್ಟು ತಾನೇ ಮುಚ್ಚಿಕೊಳ್ಳುತ್ತಿತ್ತು. ವಾರಕ್ಕೆ ಹನ್ನೆರಡೋ ಹದಿಮೂರೋ ಸಾಲು ಸೇರಿಸುತ್ತ, ಅದೇ ಬಿಲ್ಲೆಯ ಮೇಲೆ ಹಳೆಯದರ ಜಾಗದಲ್ಲಿ ಹೊಸದನ್ನು ಉಳಿಸುತ್ತ ಹೋದೆವು. ಮನೆಯಲ್ಲಿ ನಿಮ್ಮ ಅವ್ವನ ಎರಡು ಗೆರೆಯ ನೋಟುಬುಕ್ಕು ಇತ್ತು. ಸಂಜೆ ಬಂದು ಆ ದಿನದ ಸಾಲುಗಳನ್ನು ಅದರಲ್ಲಿ ಬರೆದಿಡೋಣವೇ ಎಂದು ಒಮ್ಮೆ ಅನಿಸಿತ್ತು. ಅಷ್ಟು ದೊಡ್ಡ ಯಂತ್ರದಲ್ಲಿ ಇಟ್ಟದ್ದನ್ನು ನಾನು ಪೆನ್ಸಿಲ್ಲಿನಿಂದ ಬರೆದುಕೊಂಡರೆ ಅವರು ನಗಬಹುದೆಂದು ಸುಮ್ಮನಾದೆ.

ಆರನೆಯ ರವಿವಾರ ದೀಪಾವಳಿಯ ಹತ್ತಿರ ಬಂತು. ಆ ದಿನ ಎಪ್ಪತ್ತೆರಡೂ ಸಾಲು ಮುಗಿಯುವುದಿತ್ತು. ಇಳಕಲ್ಲಿನಿಂದ ಬಸ್ಸಿನಲ್ಲಿ ಬಂದ ನೆಂಟರ ಕಡೆಯಿಂದ ಮಾವ ಅಮೀನಗಡದ ಕರದಂಟು ತರಿಸಿ, ಧೋತರದ ತುದಿಗೆ ಕಟ್ಟಿಕೊಂಡು ಬಂದಿದ್ದರು. ಕೊನೆಯ ಸಾಲು ಹೇಳುವಾಗ ಅವರ ದನಿ ಸಣ್ಣಗಾಯಿತು. ನಾನು ಕೊನೆಯ ಚೌಕಳಿ ತುಂಬಿದೆ. ಪರದೆಯ ಮೇಲೆ ಬಾಗಿದ ತೆನೆ ಇಡಿಯಾಗಿ ನಿಂತಿತು. ಅತ್ತೆಯ ಸೆರಗಿನಲ್ಲಿ ನಾನು ನೋಡಿದ್ದೇ ಅದು.

ಯಜಮಾನರು ಅಂದು ಮೊದಲ ಸಲ ಯಂತ್ರವನ್ನು ಪೂರ್ತಿ ಸೆರಗಿನ ಲೆಕ್ಕ ಹಾಕಿ ಅದೇ ಬಿಲ್ಲೆಯಲ್ಲಿ ಉಳಿಸಲು ಹಚ್ಚಿದರು. ನೂರಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಹೇಳಿ, ಎದುರಿನ ಅಂಗಡಿಯಿಂದ ಮೂವರಿಗೆ ಚಹಾ ತರಲು ಹೋದರು.

ಪಟ್ಟಿ ಎಂದಿನಂತೆ ಓಡಿತು. ಮೂವತ್ತು, ಅರವತ್ತು, ಎಂಬತ್ತೈದು, ತೊಂಬತ್ತು. ತೊಂಬತ್ತಕ್ಕೆ ನಿಂತಿತು.

ಮಾವ ಕೇಳಿದರು, ತೊಂಬತ್ತು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು, ಮತ್ತೆ ತೊಂಬತ್ತು ಎಂದೆ. ಮೂರನೆಯ ಸಲವೂ ಅದೇ. ಯಂತ್ರದೊಳಗಿನಿಂದ ಕರ್ ಕರ್ ಎಂಬ ಸಪ್ಪಳ ಬರತೊಡಗಿತು. ಹಿಂದಿನ ರವಿವಾರಗಳಲ್ಲಿ ಅದು ಒಂದೆರಡು ಸಲ ಬಂದು ನಿಲ್ಲುತ್ತಿತ್ತು. ಈಗ ನಿಲ್ಲಲೇ ಇಲ್ಲ. ಮಾವ ಕಿವಿ ಅತ್ತ ಹೊರಳಿಸಿದರು. ಮಗ್ಗದಲ್ಲಿ ಲಾಳಿ ಎಳೆಗಳ ನಡುವೆ ಸಿಕ್ಕಿದಾಗ ಅಂಥದೇ ಸಪ್ಪಳ. ಆಗ ಒಂದು ಕ್ಷಣವೂ ಜಗ್ಗಬಾರದು. ಕಾಲು ತೆಗೆದು, ಕೈ ಬಿಟ್ಟು ಮಗ್ಗ ನಿಲ್ಲಿಸಬೇಕು. ಜಗ್ಗಿದರೆ ನೂರು ಎಳೆ ಹರಿಯುತ್ತವೆ, ವಾರದ ಕೆಲಸ ಹಾಳು. ಮದುವೆಯಾಗಿ ಬಂದ ಮೊದಲ ತಿಂಗಳಲ್ಲಿ ಮಾವ ನನಗೆ ಕಲಿಸಿದ ಪಾಠವೇ ಅದು.

"ಸಿಕ್ಕೈತಿ ಅದು," ಎಂದರು. "ಜಗ್ಗಾಕ ಹತ್ತೈತಿ ಕೇಳು. ಎಳಿ ಹರೀತಾವ. ನಿಲ್ಲಸಿಬಿಡವ್ವ."

ನಿಲ್ಲಿಸು ಎಂದು ಕನ್ನಡದಲ್ಲಿಯೇ ಬರೆದಿತ್ತು. ನಾನು ಒತ್ತಿದೆ.

ಸಪ್ಪಳ ನಿಂತಿತು. ಚೌಕಟ್ಟು ಹೋಯಿತು. ಅದರ ಹಿಂದಿದ್ದ ತೆನೆಯೂ ಹೋಯಿತು. ಪರದೆ ಬರಿದಾಯಿತು.

ಯಜಮಾನರು ಚಹಾ ಹಿಡಿದು ಒಳಗೆ ಬಂದವರು ಪರದೆ ನೋಡಿ ನನ್ನ ಮುಖ ನೋಡಿದರು. ನಾನು ಬೆರಳಿನಿಂದ ಗುಂಡಿ ಒತ್ತಿದ ಸನ್ನೆ ಮಾಡಿ ತೋರಿಸಿದೆ. ಅವರು ಕುಳಿತು ಏನೇನೋ ಒತ್ತಿದರು. ಬಿಲ್ಲೆಯಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆಯುವ ಕೆಲಸ ನಡುವೆಯೇ ಕಡಿದುಹೋಗಿತ್ತು. ಹಳೆಯದೂ ಇಲ್ಲ, ಹೊಸದೂ ಇಲ್ಲ.

ಮಾವ ನಮ್ಮಿಬ್ಬರ ನಡುವೆ ಕುಳಿತಿದ್ದರು. ಧೋತರದ ಗಂಟು ಬಿಚ್ಚಿ ಕರದಂಟಿನ ಪೊಟ್ಟಣ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಸಿಕ್ಕು ಬಿಡ್ತೇನವ್ವ? ಎಲ್ಲಿಗೆ ಬಂತು?"

"ನೂರಾತ್ರಿ ಮಾವಾರ," ಎಂದೆ.

ಯಾಕೆ ಹಾಗೆಂದೆನೋ! ಯಜಮಾನರು ನನ್ನತ್ತ ತಿರುಗಿದರು, ಆಮೇಲೆ ಚಹಾದ ಬಟ್ಟಲನ್ನು ಅಪ್ಪನ ಪಕ್ಕಕ್ಕೆ ಸರಿಸಿದರು. ಮಾವ ಪೊಟ್ಟಣ ಬಿಚ್ಚಿ ನನ್ನ ಕೈ ತಡವಿ ಹುಡುಕಿ ಮೊದಲ ತುಂಡನ್ನು ನನಗೇ ಕೊಟ್ಟರು. "ಇನ್ನ ನನ್ನ ತಲಿ ಹಗರಾತು ನೋಡು," ಎಂದರು. ನಾನು ತಿಂದೆ.

ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಯಜಮಾನರು ಮೆಲ್ಲಗೆ ಹೇಳಿದರು. ಬಿಲ್ಲೆಯಿಂದ ಹೇಗಾದರೂ ತೆಗೆಯಲು ನೋಡುತ್ತೇನೆ, ಸಿಗುವವರೆಗೆ ಅಪ್ಪನಿಗೆ ಹೇಳುವುದು ಬೇಡ. ನಾನು ಒಪ್ಪಿದೆ. ಒಪ್ಪುವುದು ನನಗೆ ಯಾವಾಗಲೂ ಸುಲಭ.

ಮರುದಿನ ಮುಂಜಾನೆ ಮಾವ ಜಳಕ ಮಾಡಿ ಕಟ್ಟೆಯ ಮೇಲೆ ಕುಳಿತರು. ನಾನು ಒಳಗೆ ಚಹಾಕ್ಕೆ ಇಟ್ಟು, ಅವರ ಎಣಿಕೆ ಮುಗಿಯಲಿ ಎಂದು ಕಾದೆ. ಅಷ್ಟು ವರ್ಷ ಆ ಎಣಿಕೆ ಮುಗಿಯುವ ಹೊತ್ತಿಗೇ ನನ್ನ ಚಹಾ ಕುದಿಯುತ್ತಿತ್ತು. ಅಂದು ಹೊರಗೆ ಸಪ್ಪಳವಿಲ್ಲ. ಬಾಗಿಲಿಗೆ ಬಂದು ನೋಡಿದರೆ ಬಿಸಿಲಿಗೆ ಮುಖ ಕೊಟ್ಟು ಸುಮ್ಮನೆ ಕುಳಿತಿದ್ದಾರೆ. ನನ್ನ ಬಳೆಯ ಸಪ್ಪಳ ಕೇಳಿ ಚಹಾಕ್ಕೆ ಕೈ ಚಾಚಿದರು. ಯಂತ್ರದಲ್ಲಿ ಇಟ್ಟಾಯಿತಲ್ಲ, ಇನ್ನು ಹೊರುವುದು ಏಕೆ, ಇಷ್ಟು ದಿನದ ಮೇಲೆ ಸುಮ್ಮನೆ ಕುಳಿತುಕೊಳ್ಳುವುದು ಹಿತವಾಗಿದೆ ಎಂದರು.

ಆಗಲೇ ಹೇಳಬೇಕಿತ್ತು. ಬಟ್ಟಲು ಕೈಯಲ್ಲಿತ್ತು, ಅವರು ಎದುರಿಗೇ ಇದ್ದರು, ಬೇರೆ ಯಾರೂ ಇರಲಿಲ್ಲ. ಮಾವನ ಎದುರಿಗೆ ನಾನಾಗಿ ಮಾತು ತೆಗೆದವಳಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟವಳು. ನಾಳೆ ಬಿಲ್ಲೆಯಿಂದ ಸಿಕ್ಕಿಬಿಟ್ಟರೆ ಹೇಳುವುದೇ ಬೇಡವಲ್ಲ ಎಂದುಕೊಂಡೆ. ಮರುದಿನವೂ ಅವರು ಎಣಿಸಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಪ್ರತಿ ಮುಂಜಾನೆ ಚಹಾ ಕೊಟ್ಟು ಒಳಗೆ ಬಂದೆ.

ಬಿಲ್ಲೆಯಿಂದ ಏನೂ ಸಿಗಲಿಲ್ಲ. ಯಜಮಾನರು ಎಷ್ಟೋ ಸಂಜೆ ಕಾಲೇಜಿನಲ್ಲಿಯೇ ಕುಳಿತರು, ಬಾದಾಮಿಯ ಕಡೆಯ ಆ ಹಿರಿಯರನ್ನೂ ಕೂಡಿಸಿಕೊಂಡು ನೋಡಿದರು. ಮೊದಲ ರವಿವಾರ ಪರೀಕ್ಷೆಗೆಂದು ಬೇರೆ ಬಿಲ್ಲೆಯಲ್ಲಿ ಇಟ್ಟಿದ್ದ ಹನ್ನೊಂದು ಸಾಲು ಮಾತ್ರ ಉಳಿದಿದ್ದವು.

ಎಳ್ಳ ಅಮಾವಾಸ್ಯೆ ಬಂತು. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ ಕಟ್ಟಿಕೊಂಡು ಪರಿಚಯದವರ ಹೊಲಕ್ಕೆ ಹೋದೆವು. ಜೋಳ ತೆನೆ ಹಿಡಿದಿತ್ತು. ನಿಮ್ಮ ಅವ್ವ ತನ್ನ ಮುತ್ಯಾನ, ನನ್ನ ಮಾವನ, ಕೈ ಹಿಡಿದು ಬದುವಿನ ಮೇಲೆ ನಡೆಸಿದಳು. ಅವರು ಒಂದು ದಂಟನ್ನು ಮುಟ್ಟಿ, ಬುಡದಿಂದ ಮೇಲಿನವರೆಗೆ ಬೆರಳಾಡಿಸಿ, ಈ ವರ್ಷ ಹಾಸು ಹೂಡುವುದು ಯಾವಾಗ ಎಂದು ನನ್ನನ್ನು ಕೇಳಿದರು. ಕೇಳಿದ್ದಕ್ಕೆ ಉತ್ತರ ಕೊಡುವವಳಲ್ಲವೇ ನಾನು. ಅಂದು ಸಂಜೆ ಮನೆಗೆ ಬಂದು ಅವರ ಕಾಲಬಳಿ ಕುಳಿತು ಎಲ್ಲ ಹೇಳಿದೆ. ಪಟ್ಟಿ ನಿಂತದ್ದು, ನಾನು ಒತ್ತಿದ್ದು, ತೆನೆ ಹೋದದ್ದು. ನಿಲ್ಲಿಸು ಎಂದು ಅವರು ಅಂದದ್ದನ್ನು ಮಾತ್ರ ಹೇಳಲಿಲ್ಲ. ಹೆದರಿ ನಾನೇ ಒತ್ತಿಬಿಟ್ಟೆ ಎಂದೆ.

ಅವರು ಸಿಟ್ಟಾಗಲಿಲ್ಲ. ಪೆನ್ಸಿಲ್ ತಾ ಎಂದರು, ನೋಟುಬುಕ್ಕು ತಾ ಎಂದರು. ಎರಡು ಗೆರೆಯ ಆ ನೋಟುಬುಕ್ಕಿನಲ್ಲಿ ನಾನು ಬರೆದುಕೊಳ್ಳುತ್ತ ಹೋದೆ. ಮೊದಲ ಸಾಲು ಸರಾಗವಾಗಿ ಬಂತು. ಐದು, ಆರು, ಒಂಬತ್ತು. ಹನ್ನೊಂದರವರೆಗೆ ಬಂದವು. ಹನ್ನೆರಡಕ್ಕೆ, "ಎರಡ ಎತ್ತು, ಒಂಬತ್ತ ಬಿಡು," ಎಂದು ನಿಂತರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಹನ್ನೆರಡಕ್ಕೆ ನಿಂತರು. ಎಳೆಗಳನ್ನು ಎತ್ತುವವರ ಹಾಗೆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿದರು. ಎಣಿಕೆ ಕೂಡಿಸಿದಾಗಲೆಲ್ಲ ಒಂದೋ ಎರಡೋ ಎಳೆ ಹೆಚ್ಚಾಗುತ್ತಿತ್ತು, ಇಲ್ಲವೇ ಕಡಿಮೆಯಾಗುತ್ತಿತ್ತು. ಎಂಟು ದಿನ ಮುಂಜಾನೆ ಸಂಜೆ ಪ್ರಯತ್ನ ಮಾಡಿದೆವು. ಮಗ್ಗದ ಕುಣಿಯಲ್ಲಿ ಇಳಿದು ಕುಳಿತೂ ನೋಡಿದರು. ಒಂಬತ್ತನೆಯ ದಿನ ಅವರೇ ನನ್ನ ಕೈಯಿಂದ ಪೆನ್ಸಿಲ್ ತೆಗೆದು ಕೆಳಗಿಟ್ಟರು.

"ನಾನಽ ಅಲ್ಲೇನವ್ವ ನಿಲ್ಲಸು ಅಂದಾಂವ?" ಎಂದರು. "ನನಗ ನೆನಪೈತಿ. ನೀ ಒತ್ತಿದ್ದು ತಪ್ಪಲ್ಲ. ಅವತ್ತ ಸಂಜೀಕ ಹೇಳಿದ್ರೂ ನಡೀತಿತ್ತು. ಬಾಯಾಗ ಇತ್ತು ಅದು. ನೂರಾತು ಅಂದೆಲ್ಲ, ಅದಕ್ಕ ಕೈ ಬಿಟ್ಟೆ."

ಅಷ್ಟೇ ಅಂದದ್ದು. ಆಮೇಲೆ ಆ ವಿಷಯ ಎತ್ತಲಿಲ್ಲ. ನನ್ನ ಮೇಲಿನ ಅಕ್ಕರೆಯನ್ನೂ ಕಡಿಮೆ ಮಾಡಲಿಲ್ಲ. ಎಲ್ಲಿಗೆ ಬಂತವ್ವ ಎಂದು ಕೇಳುವುದನ್ನು ಮಾತ್ರ ಬಿಟ್ಟರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು.

ಯಜಮಾನರು ಆ ಚೌಕಟ್ಟನ್ನು ಅಳಿಸಿ ಮತ್ತೆ ಬರೆದರು. ಕಾಗದ ಹರವಿಕೊಂಡು ಕುಳಿತಾಗ, ಎಲ್ಲಿ ತಪ್ಪಿತು ಎಂದು ನನಗೇ ಹೇಳಿದರು. ಎಪ್ಪತ್ತೆರಡು ಸಾಲು ಓದುವುದಕ್ಕೆ ತೊಂಬತ್ತು ಅಂಕ ಕೊಟ್ಟು, ಅದನ್ನು ಸೆರಗಿನ ಅಗಲಕ್ಕೆಲ್ಲ ಬಿಡಿಸಿ ಮೂರು ಲಾಳಿಗೆ ಹಂಚಿ ಬರೆಯುವುದಕ್ಕೆ ಹತ್ತೇ ಇಟ್ಟಿದ್ದರಂತೆ, ಅದು ಕೊನೆಯ ಒಂದು ಹಂತವಷ್ಟೇ ಎಂದು. ಯಂತ್ರ ಕೆಟ್ಟಿರಲಿಲ್ಲ. ನಿಜವಾದ ಕೆಲಸ ಆಗ ಸುರುವಾಗಿತ್ತು, ಕರ್ ಕರ್ ಎಂದದ್ದು ಬಿಲ್ಲೆಯ ಮೇಲೆ ಬರೆಯುವ ಸಪ್ಪಳ. ಆಗ ನಾನು ಬಾಯಿಬಿಟ್ಟೆ. ಅದು ನಮ್ಮ ಮೈ ಮತ್ತು ಸೆರಗಿನ ಲೆಕ್ಕವೇ ಅಲ್ಲವೇ, ಮೊಳ ಅಳೆದರೆ ಹೊತ್ತು ತಿಳಿಯುವುದಿಲ್ಲ, ಸೆರಗಿಗೆ ಬೇರೆ ಹೊತ್ತು ಇಡಬೇಕು ಎಂದೆ. ಅವರು ಹಳೆಯ ಲೆಕ್ಕಕ್ಕೆ ಗೀಟು ಹೊಡೆದು ಹೊಸ ಹಾಳೆ ತೆಗೆದುಕೊಂಡರು.

ಹೊಸ ಚೌಕಟ್ಟಿನಲ್ಲಿ ಎರಡು ಪಟ್ಟಿಗಳಿದ್ದವು, ಸಾಲು ಓದುವ ಮೈಗೆ ಒಂದು, ಬಿಡಿಸಿ ಬರೆಯುವ ಸೆರಗಿಗೆ ಒಂದು. ಹೊಸದು ಪೂರ್ತಿ ಬರೆದಾಗುವವರೆಗೆ ಹಳೆಯದನ್ನು ಮುಟ್ಟುತ್ತಿರಲಿಲ್ಲ. ನಿಲ್ಲಿಸು ಒತ್ತಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಹೇಳಿ, ಖರೆ ನಿಲ್ಲಿಸಲೇ ಎಂದು ಇನ್ನೊಮ್ಮೆ ಕೇಳುತ್ತಿತ್ತು. ಅವರು ಮುಂದೆ ಏನೇ ಬರೆದರೂ ಈ ಮೂರನ್ನು ಬಿಡಲಿಲ್ಲ. ನನ್ನ ಎದುರಿಗೆ ಅದನ್ನು ನಡೆಸಿ ತೋರಿಸಿದಾಗ, ಅದರಲ್ಲಿ ಇದ್ದದ್ದು ಹನ್ನೊಂದು ಸಾಲು. ಎರಡೂ ಪಟ್ಟಿ ನೂರಕ್ಕೆ ಹೋಗಲು ಬಹಳ ಹೊತ್ತು ಹಿಡಿಯಲಿಲ್ಲ.

ದೊಡ್ಡವಳು ನನ್ನ ಮುಂದೆ ಹರವಿದ್ದು, ನಿಮ್ಮ ಅವ್ವನ ಮದುವೆಗೆ ಅದರಿಂದ ನಾನು ನೇಯ್ದ ಸೆರಗನ್ನೇ. ಹನ್ನೊಂದು ಸಾಲು ಮಾವ ಹೇಳಿದ ಹಾಗೆ ಬಾಗಿವೆ. ಹನ್ನೆರಡರಿಂದ ಮೇಲೆ ಎಲ್ಲರೂ ನೇಯುವ ನೆಟ್ಟನೆಯ ತೆನೆ ಹಾಕಿದೆ. ಬಾಗಿದ್ದನ್ನು ನನ್ನ ಊಹೆಯಿಂದ ಮುಂದುವರಿಸಬಹುದಿತ್ತು, ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಇನ್ನೊಮ್ಮೆ ಮುಗಿಯದ್ದನ್ನು ಮುಗಿದಿದೆ ಎಂದು ತೋರಿಸಲು ಕೈ ಬರಲಿಲ್ಲ.

ಆ ಎರಡು ಗೆರೆಯ ನೋಟುಬುಕ್ಕು ನನ್ನ ಪೆಟ್ಟಿಗೆಯಲ್ಲಿದೆ. ನಿಮ್ಮ ಅವ್ವನ ಮಗ್ಗಿಯ ಹಿಂದಿನ ಹಾಳೆಯಲ್ಲಿ ಹನ್ನೊಂದು ಸಾಲುಗಳ ಎಣಿಕೆ ಇದೆ. ಅದರ ಕೆಳಗೆ ಹನ್ನೆರಡನೆಯದು: ಎರಡು ಎತ್ತು, ಒಂಬತ್ತು ಬಿಡು. ಅಲ್ಲಿಂದ ಮುಂದೆ ಹಾಳೆ ಖಾಲಿ. ಇದನ್ನು ಓದಿದ ಮೇಲೆ ದೊಡ್ಡವಳು ಬಂದು ಕೇಳಿದರೆ ತೆಗೆದು ತೋರಿಸುತ್ತೇನೆ.